ಸಣ್ಣ ಟ್ರ್ಯಾಕ್ಟರಿನ ಪೆಡಲ್‌ಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ತುಮಕೂರು, ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಣ್ಣ ಟ್ರ್ಯಾಕ್ಟರುಗಳ ಪೆಡಲ್‌ಗಳಿಗೆ ಸಂಬಂಧಿಸಿದವು. ಆದ್ದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ದ್ರಾಕ್ಷಿ ಚಪ್ಪರದ ಕೆಳಗೆ, ಹಿಪ್ಪುನೇರಳೆ ಸಾಲುಗಳ ನಡುವೆ, ತೆಂಗು ಅಡಿಕೆ ಮರಗಳ ಮಧ್ಯೆ ಓಡಾಡುವ ಸಣ್ಣ ಟ್ರ್ಯಾಕ್ಟರು ಬಯಲು ಹೊಲವನ್ನು ಉಳುವ ದೊಡ್ಡ ಟ್ರ್ಯಾಕ್ಟರಿಗಿಂತ ಬಹಳ ಹೆಚ್ಚು ಸಲ ನಿಲ್ಲಬೇಕು, ಹಿಂದೆ ಸರಿಯಬೇಕು, ಇಕ್ಕಟ್ಟಿನಲ್ಲಿ ತಿರುಗಬೇಕು. ಅಷ್ಟೂ ಕೆಲಸ ಚಾಲಕನ ಕಾಲಿನಿಂದ ಪೆಡಲ್‌ಗೆ, ಪೆಡಲ್‌ನಿಂದ ಅದರ ಕೆಳಗಿನ ಬುಷ್, ರಾಡ್, ಪಿನ್ನು, ಸ್ಪ್ರಿಂಗ್‌ಗಳಿಗೆ ವರ್ಗವಾಗುತ್ತದೆ. ಪೆಡಲ್‌ನಲ್ಲಿ ಕಾಣುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಹೊರಗಿರುವ ಈ ಜೋಡಣೆಯಲ್ಲಿಯೇ, ಗೇರ್‌ಬಾಕ್ಸಿನ ಅಥವಾ ಪಂಪಿನ ಒಳಗಲ್ಲ. ಆದ್ದರಿಂದ ಪರೀಕ್ಷೆ ಯಾವಾಗಲೂ ಕಾಲಿಡುವ ಜಾಗದಿಂದ ಆರಂಭವಾಗಿ ಒಳಕ್ಕೆ ಹೋಗಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಮುಂದಿನ ಎಲ್ಲ ಉತ್ತರಗಳಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಪೆಡಲ್‌ಗಳ ಕೆಳಗೆ ಕೈ ಹಾಕುವ ಮುನ್ನ ಟ್ರ್ಯಾಕ್ಟರನ್ನು ಸಮತಟ್ಟಾದ ಗಟ್ಟಿ ನೆಲದಲ್ಲಿ ನಿಲ್ಲಿಸಿ, ಹಿಂದಿನ ಉಪಕರಣವನ್ನು ನೆಲಕ್ಕೆ ಇಳಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಎಂಜಿನ್ ಆರಿಸಿ ಕೀ ತೆಗೆದುಕೊಂಡು, ಗಾಲಿಗಳಿಗೆ ಮುಂದೆಯೂ ಹಿಂದೆಯೂ ಕಲ್ಲು ಅಥವಾ ಮರದ ದಿಮ್ಮಿ ಕೊಡಬೇಕು.

ಪ್ರಶ್ನೆ: ನಮ್ಮಲ್ಲಿರುವುದು ಹೈಡ್ರೋಸ್ಟ್ಯಾಟಿಕ್ ಮಾದರಿಯ ಸಣ್ಣ ಟ್ರ್ಯಾಕ್ಟರು. ಬಲಗಾಲಿನ ಒಂದು ಪೆಡಲ್ ಒತ್ತಿದರೆ ಮುಂದಕ್ಕೆ, ಇನ್ನೊಂದನ್ನು ಒತ್ತಿದರೆ ಹಿಂದಕ್ಕೆ ಹೋಗುತ್ತದೆ. ಈಚೆಗೆ ಪೆಡಲ್ ಮೇಲಿನ ಕಾಲು ತೆಗೆದರೂ ತಕ್ಷಣ ನಿಲ್ಲುವುದಿಲ್ಲ, ನಿಧಾನವಾಗಿ ಮುಂದಕ್ಕೆ ತೆವಳುತ್ತದೆ. ಪಂಪ್ ಕೆಟ್ಟಿದೆ, ಬಿಚ್ಚಲೇಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಬೇರೆ ದಾರಿ ಇದೆಯೇ?
(ದ್ರಾಕ್ಷಿ ಬೆಳೆಗಾರರು, ಚಿಕ್ಕಬಳ್ಳಾಪುರ ತಾಲ್ಲೂಕು)

ಉತ್ತರ: ದಾರಿ ಇದೆ. ಆದರೆ ತೊಂದರೆ ಸರಿಹೋಗುವವರೆಗೆ ದಯವಿಟ್ಟು ಆ ಟ್ರ್ಯಾಕ್ಟರನ್ನು ತೋಟಕ್ಕೆ ಇಳಿಸಬೇಡಿ. ದ್ರಾಕ್ಷಿ ಸಾಲಿನಲ್ಲಿ ಕೆಲಸದವರು ಟ್ರ್ಯಾಕ್ಟರಿನ ಮುಂದೆಯೇ ಬಾಗಿ ನಿಂತಿರುತ್ತಾರೆ, ಪಕ್ಕಕ್ಕೆ ಸರಿಯಲು ಅವರಿಗೆ ಜಾಗವಿರುವುದಿಲ್ಲ. ಕಾಲು ತೆಗೆದಾಗ ನಿಲ್ಲದ ಯಂತ್ರ ಅಂಥ ಕಡೆ ಎಷ್ಟೇ ನಿಧಾನವಾಗಿ ಚಲಿಸಿದರೂ ಅಪಾಯವೇ.

ನಮ್ಮ ಕಡೆ ಓಡಾಡುವ ಸಣ್ಣ ಟ್ರ್ಯಾಕ್ಟರುಗಳಲ್ಲಿ ಹೆಚ್ಚಿನವು ಕ್ಲಚ್ ಮತ್ತು ಗೇರಿನವು. ನಿಮ್ಮ ಮಾದರಿ ಕಡಿಮೆ. ಆದ್ದರಿಂದ ಅದರ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸುತ್ತೇವೆ. ಇದರಲ್ಲಿ ಎಂಜಿನ್ ಒಂದು ಎಣ್ಣೆಯ ಪಂಪನ್ನು ತಿರುಗಿಸುತ್ತದೆ, ಆ ಪಂಪಿನಿಂದ ಹೊರಟ ಎಣ್ಣೆ ಒಂದು ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ, ಮೋಟಾರು ಗಾಲಿಗಳನ್ನು ತಿರುಗಿಸುತ್ತದೆ. ಪಂಪಿನ ಒಳಗೆ ಸಣ್ಣ ಪಿಸ್ಟನ್‌ಗಳು ಸುತ್ತುತ್ತಿರುತ್ತವೆ, ಅವುಗಳ ತುದಿ ಸ್ವಾಶ್ ಪ್ಲೇಟ್ ಎಂಬ ತಟ್ಟೆಗೆ ಒತ್ತಿಕೊಂಡಿರುತ್ತದೆ. ತಟ್ಟೆ ನೆಟ್ಟಗಿದ್ದರೆ ಪಿಸ್ಟನ್‌ಗಳು ಸುಮ್ಮನೆ ಸುತ್ತುತ್ತವೆಯೇ ಹೊರತು ಒಳಹೊರಗೆ ಚಲಿಸುವುದಿಲ್ಲ, ಎಣ್ಣೆ ಹರಿಯುವುದಿಲ್ಲ, ಗಾಡಿ ನಿಂತಿರುತ್ತದೆ. ತಟ್ಟೆ ಒಂದು ಕಡೆಗೆ ಓರೆಯಾದರೆ ಎಣ್ಣೆ ಒಂದು ದಿಕ್ಕಿನಲ್ಲಿ ಹರಿದು ಗಾಡಿ ಮುಂದಕ್ಕೂ, ಇನ್ನೊಂದು ಕಡೆಗೆ ಓರೆಯಾದರೆ ಹಿಂದಕ್ಕೂ ಚಲಿಸುತ್ತದೆ. ನೀವು ಒತ್ತುವ ಪೆಡಲ್ ಮಾಡುವ ಕೆಲಸವೆಲ್ಲ ಆ ತಟ್ಟೆಯನ್ನು ಓರೆ ಮಾಡುವುದು ಮಾತ್ರ. ಕಾಲು ತೆಗೆದಾಗ ಅದನ್ನು ಮತ್ತೆ ನೆಟ್ಟಗೆ ತರುವುದು ಒಂದು ಬಲವಾದ ಸ್ಪ್ರಿಂಗ್. ತಟ್ಟೆ ಕೂದಲೆಳೆಯಷ್ಟು ಓರೆಯಾಗಿ ಉಳಿದರೂ ಎಣ್ಣೆ ಸ್ವಲ್ಪ ಹರಿಯುತ್ತಲೇ ಇರುತ್ತದೆ, ನೀವು ಹೇಳುವ ತೆವಳಿಕೆ ಅದೇ.

ಹಾಗಾದರೆ ತಟ್ಟೆ ನೆಟ್ಟಗಾಗದಂತೆ ತಡೆಯುತ್ತಿರುವುದು ಏನು ಎಂಬುದೇ ಪ್ರಶ್ನೆ. ಮೊದಲು ಪೆಡಲ್ ಸುತ್ತಲಿನ ಜಾಗವನ್ನು ನೋಡಿ. ರಬ್ಬರ್ ಹಾಸು ಸರಿದು ಪೆಡಲ್ ಬುಡಕ್ಕೆ ಸಿಕ್ಕಿಕೊಂಡಿರಬಹುದು. ಹಾಸಿನ ಕೆಳಗೆ ಕೆಮ್ಮಣ್ಣು ಸೇರಿ ಗಟ್ಟಿಯಾಗಿ ಹೆಪ್ಪುಗಟ್ಟಿರಬಹುದು. ಚಪ್ಪರದಿಂದ ಉದುರಿದ ಕಡ್ಡಿ, ಸವರಿದ ಬಳ್ಳಿ, ಕಟ್ಟಿನ ದಾರಗಳು ಪೆಡಲ್ ಕೆಳಗಿನ ರಾಡಿಗೆ ಸುತ್ತಿಕೊಂಡಿರಬಹುದು. ಇವನ್ನೆಲ್ಲ ತೆಗೆದು ಒಣ ಬ್ರಷ್‌ನಿಂದ ಉಜ್ಜಿ ಸ್ವಚ್ಛಗೊಳಿಸಿದ ಮೇಲೆ, ಎಂಜಿನ್ ಆರಿರುವಾಗಲೇ, ಒಬ್ಬರು ಪೆಡಲನ್ನು ಕೈಯಿಂದ ಒತ್ತಿ ಬಿಡುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಪೆಡಲ್‌ನಿಂದ, ತಟ್ಟೆಯನ್ನು ಓರೆ ಮಾಡುವ ಪಂಪಿನ ತೋಳಿನವರೆಗೆ ಒಂದೊಂದೇ ಕೀಲನ್ನು ಗಮನಿಸುತ್ತಾ ಹೋಗಲಿ. ಪೆಡಲ್ ಚಲಿಸಿದ ಕ್ಷಣವೇ ಮುಂದಿನ ರಾಡು ಚಲಿಸಬೇಕು. ಎಲ್ಲಿ ಚಲನೆ ತಡವಾಗಿ ತಲುಪುತ್ತದೆಯೋ ಅಲ್ಲಿ ಪಿನ್ನು ಅಥವಾ ಬುಷ್ ಸವೆದಿದೆ. ಎಲ್ಲಿ ಚಲನೆ ತಡೆತಡೆದು ಸಾಗುತ್ತದೆಯೋ ಅಲ್ಲಿ ತುಕ್ಕು ಹಿಡಿದಿದೆ ಅಥವಾ ಗ್ರೀಸ್ ಒಣಗಿದೆ. ರಾಡು ಬಾಗಿದ್ದರೆ ಕಣ್ಣಿಗೇ ಕಾಣುತ್ತದೆ. ಕಲ್ಲು ಅಥವಾ ಮೋಟು ಬಡಿದು ಹೊಟ್ಟೆಯ ಕೆಳಗಿನ ರಾಡು ಬಾಗುವುದು ತೋಟದ ಟ್ರ್ಯಾಕ್ಟರುಗಳಲ್ಲಿ ಅಪರೂಪವಲ್ಲ. ಕೆಲವು ಮಾದರಿಗಳಲ್ಲಿ ಪೆಡಲ್ ಹಠಾತ್ತನೆ ಎಗರದಂತೆ ತಡೆಯಲು ಒಂದು ಸಣ್ಣ ಡ್ಯಾಂಪರ್ ಇರುತ್ತದೆ. ಅದು ಬಿಗಿಹಿಡಿದರೂ ಪೆಡಲ್ ನಿಧಾನವಾಗಿಯೇ ಹಿಂದಿರುಗುತ್ತದೆ.

ದೋಷ ಇನ್ನೂ ತಿಳಿಯದಿದ್ದರೆ ಪಂಪಿನ ತೋಳಿಗೆ ಸೇರುವ ಕಡೆ ರಾಡನ್ನು ಕಳಚಿ ನೋಡಬಹುದು. ಕಳಚುವ ಮುನ್ನ ಅದರ ತಿರುಪಿನ ಎಷ್ಟು ಸುತ್ತುಗಳು ಹೊರಗೆ ಕಾಣುತ್ತಿವೆ ಎಂಬುದನ್ನು ಬರೆದಿಟ್ಟುಕೊಳ್ಳಿ ಅಥವಾ ಬಣ್ಣದಿಂದ ಗುರುತು ಮಾಡಿ. ತಟ್ಟೆಯನ್ನು ನೆಟ್ಟಗೆ ತರುವ ಆ ಸ್ಪ್ರಿಂಗ್ (ನ್ಯೂಟ್ರಲ್ ಸ್ಪ್ರಿಂಗ್) ಪಂಪ್ ಬದಿಯಲ್ಲಿರುವ ಮಾದರಿಗಳಲ್ಲಿ, ರಾಡು ಕಳಚಿದ ಮೇಲೆ ತೋಳನ್ನು ಎರಡೂ ಕಡೆಗೆ ಸರಿಸಿ ಬಿಟ್ಟರೆ ಅದು ಚುರುಕಾಗಿ ನಡುವಿಗೆ ಬಂದು ನಿಲ್ಲಬೇಕು. ಹಾಗೆ ನಿಂತರೆ ದೋಷ ಪೆಡಲ್ ಬದಿಯಲ್ಲಿದೆ, ಪಂಪಿನದಲ್ಲ. ನಿಲ್ಲದಿದ್ದರೆ ಸ್ಪ್ರಿಂಗ್ ಸೋತಿದೆಯೇ, ತೋಳಿನ ತಗ್ಗಿನಲ್ಲಿ ಕೂರುವ ರೋಲರ್ ಅಥವಾ ಬೇರಿಂಗ್ ಸವೆದಿದೆಯೇ ಎಂದು ನೋಡಬೇಕು. ಈ ರೋಲರ್ ಒಂದು ಬದಿಗೆ ಸವೆದರೆ ಗಾಡಿ ಯಾವಾಗಲೂ ಒಂದೇ ದಿಕ್ಕಿಗೆ ತೆವಳುತ್ತದೆ. ಯಾವಾಗಲೂ ಮುಂದಕ್ಕೇ ತೆವಳುತ್ತದೆ ಎಂದು ನೀವು ಬರೆದಿರುವುದರಿಂದ ಇದನ್ನು ವಿಶೇಷವಾಗಿ ಗಮನಿಸಿ.

ಎಲ್ಲವೂ ಸರಾಗವಾಗಿ ಚಲಿಸುತ್ತಿದ್ದೂ ತೆವಳಿಕೆ ಉಳಿದರೆ ಮಾತ್ರ ನ್ಯೂಟ್ರಲ್ ಹೊಂದಾಣಿಕೆಯ ಮಾತು ಬರುತ್ತದೆ. ಇದನ್ನು ಅನುಭವಿ ಮೆಕ್ಯಾನಿಕ್‌ನಿಂದಲೇ ಮಾಡಿಸಿ, ಏಕೆಂದರೆ ಇಲ್ಲಿ ಎಂಜಿನ್ ಓಡುತ್ತಿರಬೇಕಾಗುತ್ತದೆ. ಕೆಲಸ ಮಾಡಿ ಎಣ್ಣೆ ಬಿಸಿಯಾದ ಮೇಲೆ, ಹಿಂದಿನ ಆಕ್ಸಲ್ ಅನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ ಹಿಂದಿನ ಗಾಲಿಗಳು ನೆಲ ಬಿಡುವಂತೆ ಮಾಡಬೇಕು. ಬರೀ ಜಾಕಿಯನ್ನು ನಂಬಬಾರದು. ನಾಲ್ಕು ಗಾಲಿಯ ಚಾಲನೆ ಮತ್ತು ಪಿ.ಟಿ.ಓ. (ಹಿಂದಿನ ಉಪಕರಣವನ್ನು ತಿರುಗಿಸುವ ಶಾಫ್ಟ್) ಎರಡನ್ನೂ ತಪ್ಪಿಸಿ, ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟಿರಬೇಕು. ನಾಲ್ಕು ಗಾಲಿಯ ಚಾಲನೆ ಹಾಕಿದ್ದೇ ಆದರೆ ನೆಲದ ಮೇಲಿರುವ ಮುಂದಿನ ಗಾಲಿಗಳು ಟ್ರ್ಯಾಕ್ಟರನ್ನು ಸ್ಟ್ಯಾಂಡಿನಿಂದ ಎಳೆದುಬಿಡುತ್ತವೆ. ಆಮೇಲೆ ಲಾಕ್ ನಟ್ ಸಡಿಲಿಸಿ, ಹೊಂದಾಣಿಕೆಯ ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಗಾಲಿಗಳು ಮುಂದಕ್ಕೆ ತಿರುಗುವುದು ನಿಲ್ಲುವ ಬಿಂದುವನ್ನೂ ಹಿಂದಕ್ಕೆ ತಿರುಗಲು ಆರಂಭಿಸುವ ಬಿಂದುವನ್ನೂ ಗುರುತಿಸಿ, ಅವೆರಡರ ನಡುವೆ ನಿಲ್ಲಿಸಿ ಲಾಕ್ ನಟ್ ಬಿಗಿಯಬೇಕು. ಪೆಡಲ್ ಬಿಗಿಯಾಗಿದ್ದಾಗಲೇ ಈ ಹೊಂದಾಣಿಕೆ ಮಾಡಿದರೆ ಇಂದು ಮುಂದಕ್ಕೆ ತೆವಳುತ್ತಿದ್ದ ಗಾಡಿ ನಾಳೆ ಹಿಂದಕ್ಕೆ ತೆವಳುತ್ತದೆ.

ಪಂಪ್ ಬಿಚ್ಚುವ ನಿರ್ಧಾರ ಇಷ್ಟೆಲ್ಲ ಆದ ಮೇಲಿನದು. ಬಿಚ್ಚಲು ಸ್ವಚ್ಛವಾದ ಕಾರ್ಯಾಗಾರ ಬೇಕು. ಹೊಲದ ಬದುವಿನ ಮೇಲೆ ಬಿಚ್ಚಿದ ಪಂಪಿಗೆ ಧೂಳು ಹೊಕ್ಕರೆ, ಇಲ್ಲದ ಕಾಯಿಲೆಯನ್ನು ನಾವೇ ತಂದಂತೆ ಆಗುತ್ತದೆ.

ಪ್ರಶ್ನೆ: ನಮ್ಮದೂ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರೇ. ಹಿಪ್ಪುನೇರಳೆ ತೋಟದಲ್ಲಿ ರೋಟವೇಟರ್ ಹಾಕಿದಾಗ, ಗಟ್ಟಿ ನೆಲ ಬಂದಲ್ಲಿ ಪೆಡಲನ್ನು ಪೂರ್ತಿ ಒತ್ತಿದರೂ ಎಳೆಯದೆ ಎಂಜಿನ್ ಕುಗ್ಗುತ್ತದೆ. ಕೆಲವೊಮ್ಮೆ ಒಂದು ಕೀರಲು ಸದ್ದೂ ಬರುತ್ತದೆ. ಶಕ್ತಿ ಏಕೆ ಇಲ್ಲವಾಯಿತು?
(ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲ್ಲೂಕು)

ಉತ್ತರ: ನಿಮ್ಮ ಟ್ರ್ಯಾಕ್ಟರಿನಲ್ಲಿ ದೋಷವೇ ಇಲ್ಲದಿರುವ ಸಾಧ್ಯತೆ ಸಾಕಷ್ಟಿದೆ. ಗೇರಿನ ಟ್ರ್ಯಾಕ್ಟರು, ಕಾರು, ಬೈಕು ಓಡಿಸಿ ರೂಢಿಯಾದ ಕಾಲಿಗೆ ಪೆಡಲ್ ಎಂದರೆ ಎಕ್ಸಲರೇಟರ್. ಭಾರ ಹೆಚ್ಚಿದಾಗ ಅದನ್ನು ಇನ್ನಷ್ಟು ಒತ್ತುವುದು ಸಹಜವಾಗಿ ಬಂದುಬಿಡುತ್ತದೆ. ಹೈಡ್ರೋಸ್ಟ್ಯಾಟಿಕ್ ಪೆಡಲ್ ಎಕ್ಸಲರೇಟರ್ ಅಲ್ಲ, ಅದು ಗೇರ್ ಲಿವರಿನ ಸ್ಥಾನದಲ್ಲಿರುವುದು. ಪೆಡಲ್ ಹೆಚ್ಚು ಒತ್ತಿದಷ್ಟೂ ಮೇಲಿನ ಗೇರಿಗೆ ಹೋದಂತೆ, ಕಡಿಮೆ ಒತ್ತಿದಷ್ಟೂ ಕೆಳಗಿನ ಗೇರಿಗೆ ಬಂದಂತೆ. ಎಂಜಿನ್ ಕೊಡುವ ಶಕ್ತಿಗೆ ಒಂದು ಮಿತಿಯಿದೆ. ಅದನ್ನು ವೇಗವಾಗಿ ಬಳಸಿದರೆ ಎಳೆತ ಕಡಿಮೆಯಾಗುತ್ತದೆ, ಎಳೆತವಾಗಿ ಬಳಸಬೇಕಾದರೆ ವೇಗ ಬಿಟ್ಟುಕೊಡಬೇಕು. ಗಟ್ಟಿ ನೆಲ ಬಂದಾಗ ಗೇರಿನ ಟ್ರ್ಯಾಕ್ಟರಿನಲ್ಲಿ ಯಾರೂ ಮೇಲಿನ ಗೇರು ಹಾಕುವುದಿಲ್ಲ. ಇಲ್ಲಿ ಪೆಡಲ್ ಪೂರ್ತಿ ಒತ್ತುವುದು ಅದೇ ಕೆಲಸ. ಎಂಜಿನ್ ಕುಗ್ಗುವ ಸದ್ದು ಕೇಳಿದ ಕೂಡಲೇ ಕಾಲನ್ನು ಸ್ವಲ್ಪ ಹಿಂದಕ್ಕೆ ತೆಗೆಯಿರಿ. ಓರೆ ತಟ್ಟೆ ನೆಟ್ಟಗಾಗುವ ಕಡೆಗೆ ಬಂದು, ಒಂದು ಸುತ್ತಿಗೆ ಹರಿಯುವ ಎಣ್ಣೆ ಕಡಿಮೆಯಾಗಿ, ಅದೇ ಎಂಜಿನ್ ಹೆಚ್ಚಿನ ಒತ್ತಡವನ್ನು ಕಟ್ಟಬಲ್ಲದು. ಟ್ರ್ಯಾಕ್ಟರು ನಿಧಾನವಾಗುತ್ತದೆ, ಆದರೆ ಎಳೆಯುತ್ತದೆ.

ಎಂಜಿನ್ನಿನ ವೇಗವನ್ನು ಕೈಯ ಥ್ರಾಟಲ್‌ನಿಂದ ಮೊದಲೇ ನಿಗದಿ ಮಾಡಿಟ್ಟುಕೊಳ್ಳಬೇಕು. ರೋಟವೇಟರ್ ಕೆಲಸಕ್ಕೆ ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಲುಪುವ ಗುರುತಿನಲ್ಲಿ ಥ್ರಾಟಲ್ ನಿಲ್ಲಿಸಿ, ಮುಂದಕ್ಕೆ ಹೋಗುವ ವೇಗವನ್ನಷ್ಟೇ ಪೆಡಲ್‌ನಿಂದ ನಿಯಂತ್ರಿಸಬೇಕು. ಡೀಸೆಲ್ ಉಳಿಸಲೆಂದು ಎಂಜಿನ್ನನ್ನು ಕಡಿಮೆ ವೇಗದಲ್ಲಿ ಇಟ್ಟು ಪೆಡಲ್ ಪೂರ್ತಿ ಒತ್ತಿದರೆ ಪಂಪಿಗೂ ಎಂಜಿನ್ನಿಗೂ ಶ್ರಮ, ತಂಪುಗೊಳಿಸುವ ಗಾಳಿಯೂ ಕಡಿಮೆ. ವೇಗದ ಹಂತ ಬದಲಿಸುವ ರೇಂಜ್ ಲಿವರ್ ಉಳುಮೆಯ ಹೊತ್ತಿಗೆ ಲೋ (ಕಡಿಮೆ ವೇಗದ) ಸ್ಥಾನದಲ್ಲಿರಬೇಕು. ಆ ಲಿವರನ್ನು ಗಾಡಿ ಪೂರ್ತಿ ನಿಂತ ಮೇಲೆಯೇ ಬದಲಿಸಬೇಕು.

ನೀವು ಹೇಳುವ ಕೀರಲು ಸದ್ದು ಭಾರ ಹೆಚ್ಚಾದಾಗ ಮಾತ್ರ ಬರುತ್ತಿದ್ದರೆ ಅದು ರಿಲೀಫ್ ವಾಲ್ವ್ ತೆರೆದುಕೊಂಡ ಸದ್ದು. ಒತ್ತಡ ಮಿತಿ ಮೀರಿದಾಗ ಎಣ್ಣೆಯನ್ನು ತಪ್ಪಿಸಿ ಬಿಟ್ಟು ಪಂಪನ್ನು ಕಾಪಾಡುವುದು ಅದರ ಕೆಲಸ. ಹಾಗೆ ತಪ್ಪಿಸಿಕೊಂಡ ಎಣ್ಣೆ ಬೇಗ ಕಾಯುತ್ತದೆ. ಸದ್ದು ಬಂದಾಗ ಪೆಡಲ್ ಸಡಿಲಿಸಲೇಬೇಕು. ಭಾರವಿಲ್ಲದಾಗಲೂ ಸದ್ದು ಬರುತ್ತಿದ್ದರೆ ಪಂಪಿಗೆ ಎಣ್ಣೆ ಸಾಲುತ್ತಿಲ್ಲ ಎಂದು ಅರ್ಥ: ಮಟ್ಟ ಇಳಿದಿರಬಹುದು, ಫಿಲ್ಟರ್ ಕಟ್ಟಿರಬಹುದು, ಹೀರುವ ಪೈಪಿನಲ್ಲಿ ಗಾಳಿ ಸೇರುತ್ತಿರಬಹುದು.

ಚಾಲನೆಯ ಕ್ರಮ ಸರಿಪಡಿಸಿದ ಮೇಲೂ ಎಳೆತ ಕಡಿಮೆ ಅನ್ನಿಸಿದರೆ, ಬೆಳಗಿನ ತಂಪಿನಲ್ಲಿ ಹೇಗಿದೆ, ಎರಡು ಮೂರು ಗಂಟೆ ದುಡಿದ ಮೇಲೆ ಹೇಗಿದೆ ಎಂಬುದನ್ನು ಹೋಲಿಸಿ ನೋಡಿ. ತಂಪಿನಲ್ಲೂ ದುರ್ಬಲವಾಗಿದ್ದರೆ ಪೆಡಲ್ ಪೂರ್ತಿ ಒತ್ತಿದಾಗ ಪಂಪಿನ ತೋಳು ತನ್ನ ಕೊನೆಯ ತಡೆಗೆ ತಲುಪುತ್ತಿದೆಯೇ ಎಂದು ಪರೀಕ್ಷಿಸಿ. ಸವೆದ ಕೀಲುಗಳು ಚಲನೆಯನ್ನು ನುಂಗಿದರೆ ಪೂರ್ತಿ ವೇಗ ಬರುವುದೇ ಇಲ್ಲ. ತಂಪಿನಲ್ಲಿ ಚೆನ್ನಾಗಿದ್ದು ಬಿಸಿಯಾದ ಮೇಲೆ ಸೋಲುತ್ತಿದ್ದರೆ ಎಣ್ಣೆಯ ಮಟ್ಟ, ಫಿಲ್ಟರ್, ರೇಡಿಯೇಟರಿನ ಮುಂದಿನ ಜಾಲರಿ, ಎಣ್ಣೆ ತಂಪುಗೊಳಿಸುವ ಕೂಲರ್, ಪಂಪಿನ ಫ್ಯಾನ್ ಇವುಗಳಲ್ಲಿ ಧೂಳು ಕಟ್ಟಿದೆಯೇ ನೋಡಿ. ಇವೆಲ್ಲ ಸರಿಯಿದ್ದೂ ಸೋಲುತ್ತಿದ್ದರೆ ಆಗ ಪಂಪ್ ಒಳಗೆ ಸವೆದಿರುವ ಸಂದೇಹ ನ್ಯಾಯವಾದದ್ದು, ಏಕೆಂದರೆ ಬಿಸಿಯಾಗಿ ತೆಳುವಾದ ಎಣ್ಣೆ ಸವೆದ ಸಂದುಗಳಲ್ಲಿ ಸೋರಿಹೋಗುತ್ತದೆ.

ಎಣ್ಣೆಯನ್ನು ಕೈಪಿಡಿ ಹೇಳಿದ ದರ್ಜೆಯದನ್ನೇ ಹಾಕಿ. ಉಳಿದ ಎಂಜಿನ್ ಆಯಿಲ್ ಸುರಿದು ಮಟ್ಟ ಸರಿಮಾಡುವ ಅಭ್ಯಾಸ ಬೇಡ. ಬಹಳಷ್ಟು ತಯಾರಕರು ಹೊಸ ಟ್ರ್ಯಾಕ್ಟರಿನ ಹೈಡ್ರೋಸ್ಟ್ಯಾಟಿಕ್ ಫಿಲ್ಟರನ್ನು ಮೊದಲ 50 ಗಂಟೆಗಳ ಕೆಲಸದ ನಂತರ ಬದಲಿಸಲು ಹೇಳುತ್ತಾರೆ, ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುವಾಗ ಉದುರಿದ ಲೋಹದ ಪುಡಿ ಅದರಲ್ಲಿ ಸೇರಿರುತ್ತದೆ. ಸೋರಿಕೆ ಹುಡುಕುವಾಗ ಎಂದೂ ಕೈಯಿಂದ ತಡವಬೇಡಿ. ಈ ವ್ಯವಸ್ಥೆಯೊಳಗಿನ ಒತ್ತಡ 200 ಬಾರ್ ದಾಟುತ್ತದೆ, ಕಾರಿನ ಚಕ್ರದಲ್ಲಿರುವುದು ಸುಮಾರು 2 ಬಾರ್. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳಗೆ ಹೋಗುತ್ತದೆ. ರಟ್ಟಿನ ತುಂಡನ್ನು ಹಿಡಿದು ನೋಡಿ. ಹಾಗೇನಾದರೂ ಎಣ್ಣೆ ಚರ್ಮದೊಳಗೆ ಹೊಕ್ಕರೆ, ಗಾಯ ಸಣ್ಣದಾಗಿ ಕಂಡರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ತೆಂಗು ಅಡಿಕೆ ತೋಟದಲ್ಲಿ ಬಳಸುವ ನಮ್ಮ ಮಿನಿ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟು ಬೇಗಬೇಗ ಹೋಗುತ್ತಿದೆ. ಹೊಸದು ಹಾಕಿಸಿದ ಮೇಲೂ ಒಂದು ಹಂಗಾಮು ಕಳೆಯುವಷ್ಟರಲ್ಲಿ ಜಾರಲು ಆರಂಭಿಸುತ್ತದೆ. ಪ್ಲೇಟಿನ ಗುಣಮಟ್ಟವೇ ಸರಿಯಿಲ್ಲವೇ?
(ತೋಟದ ಮಾಲೀಕರು, ಗುಬ್ಬಿ ತಾಲ್ಲೂಕು)

ಉತ್ತರ: ಪ್ಲೇಟನ್ನು ದೂರುವ ಮೊದಲು ಪೆಡಲಿನ ಫ್ರೀ ಪ್ಲೇ ಅಳೆಯಿರಿ. ಕ್ಲಚ್ ಪೆಡಲನ್ನು ಕೈಯಿಂದ ಒತ್ತಿದರೆ ಮೊದಲು ಸ್ವಲ್ಪ ದೂರ ಹಗುರವಾಗಿ ಇಳಿಯುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಹಗುರವಾಗಿ ಇಳಿಯುವ ಆ ದೂರವೇ ಫ್ರೀ ಪ್ಲೇ. ಪೆಡಲ್ ಪಕ್ಕದಲ್ಲಿ ಸ್ಕೇಲ್ ನಿಲ್ಲಿಸಿ ಕಾಲಿಡುವ ತುದಿಯಲ್ಲಿ ಅಳೆಯಬೇಕು. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಇದು 20ರಿಂದ 30 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮ್ಮ ಕೈಪಿಡಿಯಲ್ಲಿ ಬೇರೆ ಅಂಕಿಯಿದ್ದರೆ ಅದನ್ನೇ ಪಾಲಿಸಿ.

ಈ ದೂರ ತಾನಾಗಿಯೇ ಕಡಿಮೆಯಾಗುತ್ತಾ ಹೋಗುತ್ತದೆ, ಇದನ್ನು ಅನೇಕರು ಗಮನಿಸುವುದಿಲ್ಲ. ಕ್ಲಚ್ ಪ್ಲೇಟು ಸವೆದು ತೆಳುವಾದಂತೆ ಅದನ್ನು ಒತ್ತಿ ಹಿಡಿದಿರುವ ಪ್ರೆಷರ್ ಪ್ಲೇಟು ಎಂಜಿನ್ನಿನ ಫ್ಲೈವೀಲ್ ಕಡೆಗೆ ಸರಿಯುತ್ತದೆ, ಅದರ ಬೆರಳುಗಳ (ಸಣ್ಣ ಲಿವರುಗಳ) ತುದಿ ಹಿಂದಕ್ಕೆ, ಪೆಡಲ್ ಒತ್ತಿದಾಗ ಅವನ್ನು ತಳ್ಳುವ ರಿಲೀಸ್ ಬೇರಿಂಗ್ ಕಡೆಗೆ ಬರುತ್ತದೆ. ನಡುವಿನ ಸಂದು ಮುಚ್ಚಿಹೋದ ದಿನದಿಂದ, ನೀವು ಪೆಡಲ್ ಮುಟ್ಟದಿದ್ದರೂ ಬೇರಿಂಗ್ ಬೆರಳುಗಳನ್ನು ಒತ್ತಿಯೇ ಇರುತ್ತದೆ. ಅಂದರೆ ಕ್ಲಚ್ ಸದಾ ಸ್ವಲ್ಪ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಪ್ಲೇಟು ಜಾರುತ್ತದೆ, ಕಾಯುತ್ತದೆ, ಇನ್ನಷ್ಟು ಬೇಗ ಸವೆಯುತ್ತದೆ, ಜೊತೆಗೆ ಬೇರಿಂಗೂ ಹೋಗುತ್ತದೆ. ಸರಿಯಾದ ಸಮಯಕ್ಕೆ ಹೊಂದಾಣಿಕೆ ಮಾಡಿದ್ದರೆ ಇನ್ನೂ ಬಹಳ ಕಾಲ ಬಾಳುತ್ತಿದ್ದ ಪ್ಲೇಟು ಹೀಗೆ ಸುಟ್ಟುಹೋಗುತ್ತದೆ.

ರಾಡಿನಿಂದ ಕೆಲಸ ಮಾಡುವ ಕ್ಲಚ್ಚಿನಲ್ಲಿ ಹೊಂದಾಣಿಕೆ ಕಷ್ಟವಲ್ಲ. ರಾಡಿನ ಲಾಕ್ ನಟ್ ಸಡಿಲಿಸಿ, ಸ್ಪ್ಲಿಟ್ ಪಿನ್ ಮತ್ತು ಕೀಲಿನ ಪಿನ್ ತೆಗೆದು, ರಾಡಿನ ತುದಿಯ ಕವಲನ್ನು ಬೇಕಾದ ಕಡೆಗೆ ತಿರುಗಿಸಿ, ಪಿನ್ ಹಾಕಿ ಮತ್ತೆ ಅಳೆಯಬೇಕು. ಅಳತೆ ಸರಿಬಂದ ಮೇಲೆ ಹೊಸ ಸ್ಪ್ಲಿಟ್ ಪಿನ್ ಹಾಕಿ ಲಾಕ್ ನಟ್ ಬಿಗಿಯಿರಿ. ಹಳೆಯ ಸ್ಪ್ಲಿಟ್ ಪಿನ್ನಿನ ಬದಲು ಮೊಳೆ, ತಂತಿ ತೂರಿಸುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿದೆ; ದಿಬ್ಬ ಇಳಿಯುವಾಗ ಅದು ಉದುರಿದರೆ ಪೆಡಲ್ ನಿಷ್ಪ್ರಯೋಜಕವಾಗುತ್ತದೆ ಎಂಬುದನ್ನು ನೆನಪಿಡಬೇಕು. ಫ್ರೀ ಪ್ಲೇ ಅತಿಯಾದರೂ ತೊಂದರೆಯೇ. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಬಿಡುವುದಿಲ್ಲ, ಗೇರ್ ಹಾಕುವಾಗ ಕರಕರ ಸದ್ದು ಬರುತ್ತದೆ.

ಜಾರುವಿಕೆಯನ್ನು ಖಚಿತಪಡಿಸಿಕೊಳ್ಳಲು ಒಂದು ಪರೀಕ್ಷೆಯಿದೆ. ಮುಂದೆ ಯಾರೂ ಇಲ್ಲದ ಬಯಲಿನಲ್ಲಿ, ಬ್ರೇಕನ್ನು ಗಟ್ಟಿಯಾಗಿ ಹಿಡಿದು, ಮೇಲಿನ ಗೇರು ಹಾಕಿ, ಎಂಜಿನ್ ಮಧ್ಯಮ ವೇಗದಲ್ಲಿರುವಾಗ ಕ್ಲಚ್ ನಿಧಾನವಾಗಿ ಬಿಡಿ. ಕ್ಲಚ್ ಸರಿಯಿದ್ದರೆ ಎಂಜಿನ್ ಕುಗ್ಗಿ ನಿಂತುಬಿಡುತ್ತದೆ. ನಿಲ್ಲದೆ ಓಡುತ್ತಲೇ ಇದ್ದರೆ ತಕ್ಷಣ ಪೆಡಲ್ ಒತ್ತಿ; ಪ್ಲೇಟು ಜಾರುತ್ತಿದೆ. ಈ ಪರೀಕ್ಷೆಯನ್ನು ಒಂದು ಸಲ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಪರೀಕ್ಷೆಯೇ ಪ್ಲೇಟನ್ನು ಸುಡುತ್ತದೆ.

ಫ್ರೀ ಪ್ಲೇ ಸರಿಯಿದ್ದೂ ಜಾರುತ್ತಿದ್ದರೆ ಪ್ಲೇಟಿಗೆ ಎಣ್ಣೆ ತಗುಲಿರಬಹುದು. ಅನೇಕ ಟ್ರ್ಯಾಕ್ಟರುಗಳಲ್ಲಿ ಕ್ಲಚ್ ಇರುವ ಪೆಟ್ಟಿಗೆಯ ತಳದಲ್ಲಿ ಒಂದು ಸಣ್ಣ ರಂಧ್ರವಿದ್ದು, ಅದು ಮುಚ್ಚದಂತೆ ಸ್ಪ್ಲಿಟ್ ಪಿನ್ ಒಂದು ತೂಗಾಡುತ್ತಿರುತ್ತದೆ. ಅಲ್ಲಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಎಂಜಿನ್ ಹಿಂಬದಿಯ ಅಥವಾ ಗೇರ್‌ಬಾಕ್ಸ್ ಮುಂಬದಿಯ ಆಯಿಲ್ ಸೀಲ್ ಹೋಗಿದೆ, ಅದನ್ನು ಬದಲಿಸದೆ ಎಷ್ಟು ಪ್ಲೇಟು ಹಾಕಿಸಿದರೂ ಹಣ ವ್ಯರ್ಥ. ರಂಧ್ರ ಕೆಸರಿನಿಂದ ಮುಚ್ಚಿದ್ದರೆ ಬಿಡಿಸಿ.

ಇವೆಲ್ಲಕ್ಕಿಂತ ಮುಖ್ಯವಾಗಿ, ಚಾಲಕ ಓಡಿಸುವುದನ್ನು ಒಂದು ಬೆಳಗು ನಿಂತು ನೋಡಿ. ಮರದಿಂದ ಮರಕ್ಕೆ ತಿರುಗಿಸುವಾಗ ಅರ್ಧ ಕ್ಲಚ್ಚಿನಲ್ಲೇ ಗಾಡಿಯನ್ನು ಹಿಡಿದಿಟ್ಟುಕೊಳ್ಳುವುದು, ನೇರ ಸಾಲಿನಲ್ಲಿಯೂ ಎಡಗಾಲನ್ನು ಪೆಡಲ್ ಮೇಲೆಯೇ ಇಟ್ಟಿರುವುದು ತೋಟದ ಚಾಲಕರಲ್ಲಿ ಸಾಮಾನ್ಯ. ಕಾಲಿನ ಭಾರ ಅಷ್ಟಿದ್ದರೂ ಬೇರಿಂಗ್ ಬೆರಳುಗಳಿಗೆ ತಾಗಲು ಸಾಕು. ತಿರುವಿನಲ್ಲಿ ವೇಗ ಇಳಿಸಬೇಕಾದರೆ ಥ್ರಾಟಲ್ ಇಳಿಸಲಿ, ಕೆಳಗಿನ ಗೇರು ಹಾಕಲಿ. ಕ್ಲಚ್ ಒತ್ತಿದರೆ ಪೂರ್ತಿ ಒತ್ತಬೇಕು, ಬಿಟ್ಟರೆ ಪೂರ್ತಿ ಬಿಡಬೇಕು. ಡ್ಯುಯಲ್ ಕ್ಲಚ್ ಇರುವ ಟ್ರ್ಯಾಕ್ಟರಿನಲ್ಲಿ ಅರ್ಧದವರೆಗೆ ಒತ್ತಿದರೆ ಗಾಲಿಗಳ ಚಾಲನೆ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಪಿ.ಟಿ.ಓ. ಸಹ ನಿಲ್ಲುತ್ತದೆ. ಅಂಥ ಟ್ರ್ಯಾಕ್ಟರು ನಿಮ್ಮದಾಗಿದ್ದರೆ ಈ ಎರಡು ಹಂತಗಳ ಅರಿವು ಚಾಲಕನಿಗೆ ಇರಲೇಬೇಕು. ಬಹುಶಃ ನಿಮ್ಮ ಪ್ಲೇಟಿನ ಆಯುಸ್ಸು ಅವನ ಎಡಗಾಲಿನಲ್ಲಿಯೇ ಇದೆ.

ಪ್ರಶ್ನೆ: ಮಾವಿನ ಕಾಯಿ ತುಂಬಿದ ಟ್ರೇಲರ್ ಎಳೆದುಕೊಂಡು ಮಂಡಿಗೆ ಹೋಗುವಾಗ ಬ್ರೇಕ್ ಹಾಕಿದರೆ ಟ್ರ್ಯಾಕ್ಟರು ಎಡಕ್ಕೆ ಎಳೆಯುತ್ತದೆ. ಏನು ಮಾಡಬೇಕು?
(ಮಾವು ಬೆಳೆಗಾರರು, ಶ್ರೀನಿವಾಸಪುರ ತಾಲ್ಲೂಕು)

ಉತ್ತರ: ಎರಡು ಬ್ರೇಕ್ ಪೆಡಲ್‌ಗಳನ್ನು ಜೋಡಿಸುವ ಕೊಂಡಿ ಹಾಕಿದೆಯೇ ಎಂಬುದೇ ಮೊದಲ ಪ್ರಶ್ನೆ. ಸಾಲಿನ ಕೊನೆಯಲ್ಲಿ ಒಂದೇ ಗಾಲಿಯನ್ನು ಹಿಡಿದು ತಿರುಗಿಸಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಬಲ ಎಡ ಎಂದು ಬೇರೆ ಬೇರೆ ಬ್ರೇಕ್ ಕೊಟ್ಟಿರುತ್ತಾರೆ. ರಸ್ತೆಗೆ ಇಳಿಯುವ ಮುನ್ನ ಕೊಂಡಿ ಹಾಕದಿದ್ದರೆ, ಭಾರ ತುಂಬಿದ ಟ್ರೇಲರ್ ಹಿಂದಿನಿಂದ ತಳ್ಳುತ್ತಿರುವಾಗ ಒಂದೇ ಗಾಲಿ ಹಿಡಿದು ಟ್ರ್ಯಾಕ್ಟರು ಪಲ್ಟಿಯಾಗಬಹುದು. ಕೊಂಡಿಯ ಪಿನ್ನು ಸವೆದು ಕುಣಿಯುತ್ತಿದ್ದರೆ ಇಂದೇ ಬದಲಿಸಿ.

ಕೊಂಡಿ ಹಾಕಿದ್ದೂ ಎಳೆಯುತ್ತಿದ್ದರೆ ಅದನ್ನು ಬಿಚ್ಚಿ ಎರಡೂ ಪೆಡಲ್‌ಗಳ ಫ್ರೀ ಪ್ಲೇ ಬೇರೆ ಬೇರೆಯಾಗಿ ಅಳೆಯಿರಿ. ಎರಡೂ ಸಮವಾಗಿರಬೇಕು. ತೋಟದಲ್ಲಿ ಯಾವಾಗಲೂ ಒಂದೇ ಕಡೆಗೆ ತಿರುಗುವ ರೂಢಿಯಿದ್ದರೆ ಆ ಬದಿಯ ಬ್ರೇಕ್ ಹೆಚ್ಚು ಸವೆದು, ಅದರ ಪೆಡಲ್ ಹೆಚ್ಚು ಇಳಿಯುತ್ತದೆ, ರಸ್ತೆಯಲ್ಲಿ ಟ್ರ್ಯಾಕ್ಟರು ಇನ್ನೊಂದು ಬದಿಗೆ ಎಳೆಯುತ್ತದೆ. ಎಡಕ್ಕೆ ಎಳೆಯುತ್ತಿದೆ ಎಂದರೆ ಬಲಗಡೆಯ ಬ್ರೇಕ್ ಸೋತಿರಬಹುದು. ಎಡಗಡೆಯದು ಬಿಡದೆ ಹಿಡಿದುಕೊಂಡಿರಲೂಬಹುದು. ಸ್ವಲ್ಪ ದೂರ ಓಡಿಸಿ ನಿಲ್ಲಿಸಿದ ಮೇಲೆ ಬ್ರೇಕ್ ಇರುವ ಭಾಗದ ಹತ್ತಿರ ಕೈ ಒಡ್ಡಿದರೆ, ಮುಟ್ಟುವ ಅಗತ್ಯವಿಲ್ಲದೆ, ಯಾವ ಬದಿ ಹೆಚ್ಚು ಬಿಸಿಯಾಗಿದೆ ಎಂಬುದು ತಿಳಿಯುತ್ತದೆ. ಅದಕ್ಕೆ ಸೋತ ರಿಟರ್ನ್ ಸ್ಪ್ರಿಂಗ್ ಅಥವಾ ತುಕ್ಕು ಹಿಡಿದ ಪೆಡಲ್ ಶಾಫ್ಟ್ ಕಾರಣವಾಗಿರಬಹುದು. ಒಣ ಡಿಸ್ಕಿನ ಬ್ರೇಕಿಗೆ ಆಕ್ಸಲ್ ಸೀಲಿನಿಂದ ಎಣ್ಣೆ ಸೋರಿದರೆ ಆ ಬದಿ ಹಿಡಿಯುವುದೇ ಇಲ್ಲ, ರಾಡು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಎಣ್ಣೆಯಲ್ಲಿ ಮುಳುಗಿದ ಬ್ರೇಕ್‌ಗಳಿಗೆ ಈ ತೊಂದರೆ ಇಲ್ಲ, ಆದರೆ ತಪ್ಪು ದರ್ಜೆಯ ಎಣ್ಣೆ ಹಾಕಿದರೆ ಅವು ಕರಕರ ಎಂದು ನಡುಗುತ್ತವೆ.

ಸರಿಪಡಿಸಿದ ಮೇಲೆ ಟ್ರೇಲರ್ ಇಲ್ಲದೆ, ಖಾಲಿ ಮೈದಾನದಲ್ಲಿ, ನಿಧಾನದಲ್ಲಿ ಬ್ರೇಕ್ ಹಾಕಿ ನೋಡಿ. ಎರಡು ಗಾಲಿಗಳ ಗುರುತೂ ಮಣ್ಣಿನಲ್ಲಿ ಒಂದೇ ಬಗೆಯಾಗಿ ಮೂಡಬೇಕು. ಮಾವಿನ ಹಂಗಾಮು ಆರಂಭವಾಗುವ ಮೊದಲೇ ಇದನ್ನು ಮುಗಿಸಿಕೊಳ್ಳಿ.

ಪ್ರಶ್ನೆ: ಕೀ ತಿರುಗಿಸಿದರೆ ಕೆಲವೊಮ್ಮೆ ಸ್ಟಾರ್ಟರ್ ಅಲುಗುವುದೇ ಇಲ್ಲ. ಕ್ಲಚ್ ಪೆಡಲನ್ನು ಹಲವು ಸಲ ತುಳಿದರೆ ಆಗುತ್ತದೆ. ಸ್ವಿಚ್ಚಿನ ವೈರುಗಳನ್ನು ನೇರವಾಗಿ ಜೋಡಿಸಿಬಿಡಬಹುದೇ?
(ಕಡಲೆಕಾಯಿ ಬೆಳೆಗಾರರು, ಪಾವಗಡ ತಾಲ್ಲೂಕು)

ಉತ್ತರ: ಖಂಡಿತ ಬೇಡ. ಪೆಡಲ್ ಪೂರ್ತಿ ಒತ್ತಿದಾಗ ಮಾತ್ರ ಸ್ಟಾರ್ಟರಿಗೆ ವಿದ್ಯುತ್ ಬಿಡುವ ಆ ಸಣ್ಣ ಸ್ವಿಚ್ಚು, ಗೇರಿನಲ್ಲಿರುವ ಟ್ರ್ಯಾಕ್ಟರು ಚಾಲೂ ಆದ ಕೂಡಲೇ ಮುಂದೆ ನಿಂತವರ ಮೇಲೆ ಹರಿಯದಂತೆ ತಡೆಯಲು ಇರುವುದು. ಪೆಡಲ್ ತೋಳು ಸ್ವಿಚ್ಚಿನ ಗುಂಡಿಯನ್ನು ಪೂರ್ತಿ ತಲುಪುತ್ತಿಲ್ಲ ಎಂಬುದನ್ನು ನಿಮ್ಮ ವಿವರಣೆಯೇ ಹೇಳುತ್ತದೆ. ಸ್ವಿಚ್ಚಿನ ಹಿಡಿಕೆ ಸಡಿಲವಾಗಿದ್ದರೆ ಬಿಗಿಯಿರಿ, ಗುಂಡಿಯ ಸುತ್ತಲಿನ ಮಣ್ಣು ತೆಗೆಯಿರಿ, ವೈರಿನ ತುದಿಗಳಲ್ಲಿ ಹಸಿರು ಕಿಲುಬು ಕಟ್ಟಿದ್ದರೆ ಉಜ್ಜಿ ಜೋಡಿಸಿ, ಇಲಿ ಕಡಿದಿದೆಯೇ ನೋಡಿ. ಅಷ್ಟಾಗಿಯೂ ಸರಿಹೋಗದಿದ್ದರೆ ಹೊಸ ಸ್ವಿಚ್ಚು ಹಾಕಿಸಿ.

ಪ್ರಶ್ನೆ: ನಮ್ಮ ಸಂಘದ ಟ್ರ್ಯಾಕ್ಟರನ್ನು ಸದಸ್ಯರೆಲ್ಲ ಬಾಡಿಗೆಗೆ ಒಯ್ಯುತ್ತಾರೆ. ಈಗ ಇಬ್ಬರು ಮಹಿಳೆಯರೂ ಓಡಿಸಲು ಕಲಿಯುತ್ತಿದ್ದಾರೆ. ಪೆಡಲ್‌ಗಳ ದಿನನಿತ್ಯದ ಆರೈಕೆ ಹೇಗಿರಬೇಕು? ಎತ್ತರ ಕಡಿಮೆ ಇರುವವರಿಗೆ ಕ್ಲಚ್ ಪೂರ್ತಿ ಒತ್ತಲು ಆಗುವುದಿಲ್ಲ ಎನ್ನುತ್ತಾರೆ. ಪರಿಹಾರವೇನು?
(ಸ್ವಸಹಾಯ ಸಂಘದ ಸದಸ್ಯೆ, ಮುಳಬಾಗಿಲು ತಾಲ್ಲೂಕು)

ಉತ್ತರ: ಹಲವರ ಕೈಗೆ ಹೋಗುವ ಟ್ರ್ಯಾಕ್ಟರಿಗೆ ಒಂದು ಪುಸ್ತಕ ಇಡಿ. ಗಂಟೆಯ ಮೀಟರಿನ ಅಂಕಿ, ಗ್ರೀಸ್ ಹಾಕಿದ ದಿನ, ಕ್ಲಚ್ ಮತ್ತು ಬ್ರೇಕಿನ ಫ್ರೀ ಪ್ಲೇ ಅಳತೆ ಅದರಲ್ಲಿರಲಿ. ಹಿಂದಿನ ಅಳತೆ ಕಣ್ಣ ಮುಂದಿದ್ದರೆ ಬದಲಾವಣೆ ಕೂಡಲೇ ತಿಳಿಯುತ್ತದೆ. ದಿನದ ಕೆಲಸಕ್ಕೆ ಮುನ್ನ ಪೆಡಲ್ ಸುತ್ತಲಿನ ಮಣ್ಣು ತೆಗೆದು, ಒಂದೊಂದು ಪೆಡಲನ್ನೂ ಒತ್ತಿ ಬಿಟ್ಟು, ಅದು ತಾನಾಗಿ ಮೇಲಕ್ಕೆ ಬರುತ್ತದೆಯೇ ಎಂದು ನೋಡಲು ಎರಡು ನಿಮಿಷವೂ ಬೇಕಿಲ್ಲ. ಗ್ರೀಸ್ ಗನ್ ಹಚ್ಚುವ ಮುನ್ನ ನಿಪ್ಪಲಿನ ತಲೆಯನ್ನು ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಗ್ರೀಸಿನೊಂದಿಗೆ ಮಣ್ಣೂ ಒಳಗೆ ಹೋಗುತ್ತದೆ. ಹೊಸ ಗ್ರೀಸ್ ಅಂಚಿನಿಂದ ಹೊರಗೆ ಇಣುಕುವವರೆಗೆ ಹಾಕಿ, ಹೊರಬಂದದ್ದನ್ನು ಒರೆಸಿಬಿಡಿ. ಅಲ್ಲೇ ಬಿಟ್ಟ ಗ್ರೀಸಿಗೆ ನಮ್ಮ ಬಯಲುಸೀಮೆಯ ಧೂಳು ಅಂಟಿ ಸಾಣೆಯ ಪುಡಿಯಂತೆ ಬುಷ್‌ಗಳನ್ನು ಸವೆಸುತ್ತದೆ. ಕ್ಲಚ್ ಕೇಬಲ್ ಇದ್ದರೆ ಅದರ ಹೊರಕವಚ ಸೀಳಿದೆಯೇ ನೋಡಬೇಕು. ತೊಳೆಯುವಾಗ ಜೋರಾದ ನೀರನ್ನು ಪೆಡಲ್ ಕೀಲುಗಳಿಗೂ ಸ್ವಿಚ್ಚುಗಳಿಗೂ ನೇರವಾಗಿ ಬಿಡಬೇಡಿ, ಗ್ರೀಸ್ ಕೊಚ್ಚಿಹೋಗುತ್ತದೆ. ತೊಳೆದ ದಿನವೇ ಮತ್ತೆ ಗ್ರೀಸ್ ಹಾಕಿ.

ಪೆಡಲ್ ಎಟುಕದವರ ಸಮಸ್ಯೆಯನ್ನು ಹಗುರವಾಗಿ ಕಾಣಬಾರದು. ಸೀಟಿನ ಅಂಚಿಗೆ ಜಾರಿ ಕಾಲ್ಬೆರಳಿನಿಂದ ಕ್ಲಚ್ ಒ‍ತ್ತುವವರಿಗೆ ಗೇರೂ ಸರಿಯಾಗಿ ಬೀಳುವುದಿಲ್ಲ, ಬ್ರೇಕಿಗೆ ಬಲವೂ ಸಿಗುವುದಿಲ್ಲ. ಸೀಟಿನ ಕೆಳಗಿನ ಜಾರುಪಟ್ಟಿಯನ್ನು ಒಮ್ಮೆ ಬಿಡಿಸಿ, ತುಕ್ಕು ಉಜ್ಜಿ, ಎಣ್ಣೆ ಹಾಕಿ ಸೀಟನ್ನು ಮುಂದಕ್ಕೆ ತನ್ನಿ. ಅನೇಕ ಟ್ರ್ಯಾಕ್ಟರುಗಳಲ್ಲಿ ಸೀಟು ಕೊಂಡಂದಿನಿಂದ ಒಂದೇ ಜಾಗದಲ್ಲಿ ಅಂಟಿಕೊಂಡಿರುತ್ತದೆ. ಬೆನ್ನು ಸೀಟಿಗೆ ತಾಗಿರುವಾಗಲೇ ಪೆಡಲ್ ಪೂರ್ತಿ ಇಳಿಯಬೇಕು, ಆಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಅಷ್ಟಕ್ಕೂ ಎಟುಕದಿದ್ದರೆ ಬೆನ್ನಿನ ಹಿಂದೆ ಗಟ್ಟಿ ದಿಂಬನ್ನು ಭದ್ರವಾಗಿ ಕಟ್ಟಬಹುದು. ಪೆಡಲ್ ಮೇಲೆ ಮರದ ತುಂಡು ಕಟ್ಟುವುದು ಮಾತ್ರ ಸಲ್ಲದು, ಅದು ಕಳಚಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಅನಾಹುತವಾಗುತ್ತದೆ. ಓಡಿಸುವಾಗ ಸೀರೆ, ದುಪಟ್ಟಾದ ಅಂಚು ಪೆಡಲ್ ಕಡೆಗೂ ಪಿ.ಟಿ.ಓ. ಶಾಫ್ಟಿನ ಕಡೆಗೂ ಇಳಿಬೀಳದಂತೆ ಕಟ್ಟಿಕೊಳ್ಳಬೇಕು, ಹಿಡಿತವಿರುವ ಬೂಟು ಧರಿಸಬೇಕು.

ಕ್ರಮಬದ್ಧವಾಗಿ ಕಲಿಯಲು ಇಚ್ಛೆಯಿದ್ದರೆ, ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಕೇಂದ್ರ ಸರ್ಕಾರದ ಕೃಷಿ ಯಂತ್ರಗಳ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯಿದೆ. ಅಲ್ಲಿ ಟ್ರ್ಯಾಕ್ಟರಿನ ಚಾಲನೆ ಮತ್ತು ನಿರ್ವಹಣೆಯ ತರಬೇತಿ ನಡೆಯುತ್ತದೆ. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಸಂಘದಿಂದ ಒಬ್ಬಿಬ್ಬರ ಹೆಸರು ಕಳುಹಿಸಿ.